ಕೀಲು ಮೀನು ಮತ್ತು ಅಪ್ಪನ ತಕ್ಕಡಿ

ನಮ್ಮ ಅಂಗಡಿಯ ಗಾಜಿನ ಕಪಾಟಿನಲ್ಲಿ, ವಾಷರ್ ಡಬ್ಬಿಗಳ ಪಕ್ಕ ಒಂದು ಮರದ ಮೀನು ಮಲಗಿದೆ. ಗೇಣುದ್ದಕ್ಕೆ ಎರಡು ಬೆರಳು ಕಮ್ಮಿ. ಅಡ್ಡಕ್ಕೆ ಕೊಯ್ದು ಎರಡು ತುಂಡು ಮಾಡಿ, ತಂತಿಯ ಕೊಂಡಿ ಹಾಕಿ ಮತ್ತೆ ಜೋಡಿಸಿದ್ದು. ತಲೆ ಹಿಡಿದು ಅಲುಗಿಸಿದರೆ ಬಾಲ ತಾನಾಗಿ ಆಡುತ್ತದೆ. ಬೆನ್ನಿಗೆ ಕಪ್ಪು, ಹೊಟ್ಟೆಗೆ ಹಳದಿ, ಕಣ್ಣಿಗೆ ಅವ್ವನ ಸ್ಟಿಕ್ಕರ್ ಬೊಟ್ಟು. ಬೋಲ್ಟು ಕೇಳಲು ಬಂದವರು ಆಟಿಕೆ ಅಂದುಕೊಂಡು ಅದರ ರೇಟು ಕೇಳುತ್ತಾರೆ. ಮಾರೋದಲ್ಲ ಅನ್ನುತ್ತೇನೆ. ಎರಡನೇ ಸಲ ಕೇಳಿದರೆ ಸ್ವಲ್ಪ ಜೋರಾಗಿಯೇ ಅನ್ನುತ್ತೇನೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಇಡೀ ಬಜಾರಿಗೆ ಗೊತ್ತು. ಈ ಮೀನಿನ ಕಥೆಯೂ ಆ ಸಿಟ್ಟಿನದೇ.

ಗಣಿ ಜೋರಾಗಿದ್ದ ವರ್ಷಗಳು ಅವು. ಸಂಡೂರಿನ ಗುಡ್ಡದಿಂದ ಅದಿರು ತುಂಬಿದ ಲಾರಿಗಳು ಹೊಸಪೇಟೆಯ ಹೊರಗಿನ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವು. ಬೆಳಿಗ್ಗೆ ಶಟರ್ ಎತ್ತಿದರೆ ಬೀಗದ ಮೇಲೂ ಕೆಂಪು ಧೂಳು. ಅವ್ವ ಬಿಳಿ ಬಟ್ಟೆ ಒಣಹಾಕುವುದನ್ನೇ ಬಿಟ್ಟಿದ್ದಳು. ನಮ್ಮದು ಹಾರ್ಡ್‌ವೇರ್ ಅಂಗಡಿ. ಮೊಳೆ, ಬೋಲ್ಟು, ಚೈನು, ಬಣ್ಣ, ಲಾರಿಗೆ ಬೇಕಾಗುವ ಸಣ್ಣಪುಟ್ಟ ಸಾಮಾನು. ಕುರೆಕುಪ್ಪದ ಡ್ರೈವರುಗಳು, ಬಂಡ್ರಿಯ ಕೂಲಿಯವರು, ಎಲ್ಲರಿಗೂ ಅವಸರ. ಅಪ್ಪನಿಗೆ ಮಾತ್ರ ಅವಸರವಿರಲಿಲ್ಲ. ಹಣೆಗೆ ಮೂರು ಬೆರಳು ವಿಭೂತಿ, ಬಿಳಿ ಧೋತರ, ಮುಂದೆ ಹಿತ್ತಾಳೆಯ ತಕ್ಕಡಿ. ಪಕ್ಕದವರೆಲ್ಲ ಕರೆಂಟಿನ ತಕ್ಕಡಿ ತಂದರೂ ಅಪ್ಪ ತನ್ನದನ್ನು ಬಿಡಲಿಲ್ಲ. ದಿನಾ ಬೆಳಿಗ್ಗೆ ಅದರ ದಂಡಕ್ಕೆ ವಿಭೂತಿ ಹಚ್ಚಿ, ಎರಡು ತಟ್ಟೆಗಳನ್ನೂ ಮುಟ್ಟಿ ಕಣ್ಣಿಗೊತ್ತಿಕೊಂಡ ಮೇಲೆಯೇ ಮೊದಲ ಗಿರಾಕಿ.

ಅಂಗಡಿಯ ಹಿಂದೆಯೇ ಮನೆ. ಶಿವಭಕ್ತರ ಮನೆ, ಮೊಟ್ಟೆ ಅನ್ನುವ ಮಾತನ್ನೂ ಅವ್ವ ದನಿ ತಗ್ಗಿಸಿ ಆಡುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ, ಮದುವೆಯ ವಯಸ್ಸಿಗೆ ಬಂದು, ಅಪ್ಪನ ಪಕ್ಕ ಕುಳಿತು ಮೊಳೆ ತೂಗುತ್ತಿದ್ದ ನನಗೆ ಮೀನಿನ ಹುಚ್ಚು ಹಿಡಿಯಿತು. ತಿನ್ನುವ ಹುಚ್ಚಲ್ಲ, ಮಾಡುವ ಹುಚ್ಚು. ಇದನ್ನು ಯಾರಿಗೆ ಹೇಳಿದರೆ ನಂಬುತ್ತಾರೆ ಹೇಳಿ.

ಹಚ್ಚಿದವನು ನನ್ನ ಗೆಳೆಯ. ನಮ್ಮ ಅಂಗಡಿಗೆ ಗೋಡೆ ಹಂಚಿಕೊಂಡಿದ್ದ ಲೇತ್ ಅಂಗಡಿಯಲ್ಲಿ ಟರ್ನರ್ ಆಗಿದ್ದ. ಊರು ಕಂಪ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ಅವರ ಹಿರಿಯರು ಹೊಳೆಯಲ್ಲಿ ಬಲೆ ಬೀಸಿದವರು, ಹರಿಗೋಲು ಹಾಕಿದವರು. ಇವನು ಕಬ್ಬಿಣದ ಕೆಲಸಕ್ಕೆ ಬಂದರೂ ಭಾನುವಾರ ಬಂದರೆ ಗಾಳ ಹಿಡಿದು ಕಾಲುವೆಗೆ ಹೋಗುತ್ತಿದ್ದ. ಒಂದು ದಿನ ಲೇತ್ ಮಿಷನ್ನಿನ ಮೇಲೆ ಒಂದು ಪ್ಲಾಸ್ಟಿಕ್ ಮೀನು ತಂದಿಟ್ಟ. ಹಂಪಿಗೆ ಬಂದ ಯಾರೋ ಪರದೇಶದವನು ಬಂಡೆಗೆ ಸಿಕ್ಕಿಸಿಕೊಂಡು ಬಿಟ್ಟುಹೋದದ್ದು, ಹರಿಗೋಲಿನವನೊಬ್ಬ ಬಿಡಿಸಿ ಇವನಿಗೆ ಕೊಟ್ಟಿದ್ದ. ಎರಡು ತುಂಡಿನ ಮೀನು, ನಡುವೆ ಕೀಲು. ಹುಳ ಬೇಡ, ಹಿಟ್ಟು ಬೇಡ. ನೀರಲ್ಲಿ ಎಳೆದರೆ ಜೀವ ಇದ್ದಂತೆ ಈಜುತ್ತದೆ, ದೊಡ್ಡ ಮೀನು ಮೋಸ ಹೋಗಿ ಬಾಯಿ ಹಾಕುತ್ತದೆ ಅಂದ. ಹಿಂದಿನ ತುಂಡು ಒಡೆದಿತ್ತು. ಹೊಸಪೇಟೆಯಲ್ಲಿ ಅಂಥದ್ದು ಸಿಗುವುದಿಲ್ಲ. ನಾವೇ ಮಾಡೋಣ ಅಂದೆ ನಾನು. ಯಾಕೆ ಅಂದೆನೋ ನನಗೇ ಗೊತ್ತಿಲ್ಲ, ಆ ಕೀಲು ನೋಡಿ ಬೆರಳು ಕಡಿಯತೊಡಗಿತ್ತು.

ಮೊದಲ ಮೀನನ್ನು ಅವ್ವನ ಹಳೆಯ ಲಟ್ಟಣಿಗೆಯಿಂದ ಮಾಡಿದೆವು. ಅವನು ಲೇತಿಗೆ ಹಾಕಿ ತಿರುಗಿಸಿದ, ಚೆಂದದ ಆಕಾರ ಬಂತು. ನೀರಿನ ತೊಟ್ಟಿಗೆ ಬಿಟ್ಟರೆ ನೇರ ತಳಕ್ಕೆ ಹೋಗಿ ಕೂತಿತು. ಅವ್ವನಿಗೆ ಲಟ್ಟಣಿಗೆಯೂ ಹೋಯಿತು, ನಮಗೆ ಮೀನೂ ಇಲ್ಲ. ಆಮೇಲೆ ಗೊಂಬೆ ಮಾಡುವವರು ಬಳಸುವ ಹಗುರ ಮರದ ತುಂಡುಗಳನ್ನು ಕೊಪ್ಪಳದ ಕಡೆಯಿಂದ ತರಿಸಿಕೊಂಡೆವು. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಕೊಂಡಿಗೆ ಸೈಕಲ್ ಚಕ್ರದ ಕಡ್ಡಿ, ಹೊಟ್ಟೆಯೊಳಗೆ ಭಾರಕ್ಕೆ ಲಾರಿ ಗಾಲಿಯ ತೂಕ ಸಮಮಾಡಲು ಬಡಿಯುವ ಸೀಸ, ಗಲ್ಲದ ಕೆಳಗೆ ಹಳೆಯ ನಂಬರ್ ಪ್ಲೇಟು ಕತ್ತರಿಸಿ ಮಾಡಿದ ತಗಡಿನ ನಾಲಿಗೆ. ಎಳೆದಾಗ ನೀರು ಆ ನಾಲಿಗೆಗೆ ಬಡಿದರೆ ತಲೆ ಎಡಕ್ಕೂ ಬಲಕ್ಕೂ ಹೊರಳುತ್ತದೆ, ಹಿಂದೆ ಬಾಲ ಬೀಸುತ್ತದೆ. ಮೈಮೇಲೆ ಉಳ್ಳಾಗಡ್ಡಿ ಚೀಲದ ಬಲೆ ಬಿಗಿದು ಬಣ್ಣ ಊದಿದರೆ, ಬಲೆ ತೆಗೆದಾಗ ನಿಜವಾದ ಮೀನಿನ ಮೈಯಂತೆ ಸಾಲು ಸಾಲು ಹುರುಪೆ ಮೂಡಿರುತ್ತಿತ್ತು. ಅದನ್ನು ಮೊದಲ ಸಲ ನೋಡಿದಾಗ ನಾವಿಬ್ಬರೂ ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಂಡು ನೋಡಿದೆವು. ಒಂದಕ್ಕೆ ಲಾರಿ ಬಾಡಿಗೆ ಚಿತ್ರ ಬರೆಯುವವನ ಕೈಯಿಂದ ಬಣ್ಣ ಹಾಕಿಸಿದೆವು. ಅವನು ಅಭ್ಯಾಸಬಲದಿಂದ ಒಂದು ಕಮಲ, ಎರಡು ಹಂಸ, ದೃಷ್ಟಿಗೆ ನಿಂಬೆಹಣ್ಣು ಎಲ್ಲ ಬರೆದು ಕೊಟ್ಟ. ಅದನ್ನು ನೋಡಿ ಮೀನುಗಳು ಊರು ಬಿಟ್ಟಿರಬೇಕು, ಅವತ್ತು ಒಂದೂ ಸುಳಿಯಲಿಲ್ಲ.

ಬಿಡುವಿದ್ದ ಭಾನುವಾರಗಳಲ್ಲಿ ನಾನು ಕಂಪ್ಲಿಗೂ ಹೋಗುತ್ತಿದ್ದೆ. ಹೊಳೆಯಲ್ಲಿ ಮೀನಾಡಿಸಿ, ಬಿಸಿಲೇರಿದ ಮೇಲೆ ಅವನ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದೆವು. ಅವನ ತಾಯಿ ಹಿಡಿದ ಮೀನನ್ನು ಅಂಗಳದಲ್ಲಿ ಕೊಯ್ಯುತ್ತಿದ್ದಳು. ನಾನು ಮುಖ ತಿರುಗಿಸಿಕೊಂಡು ಮಜ್ಜಿಗೆ ಕುಡಿಯುತ್ತಿದ್ದೆ. ನನಗೆಂದೇ ಒಂದು ಸ್ಟೀಲ್ ಲೋಟ ಬೇರೆ ತೆಗೆದಿಟ್ಟಿದ್ದಳು ಆಕೆ, ನಾನು ಕೇಳಿರಲಿಲ್ಲ. ನಾನು ಮಾಡಿದ ಮೀನು ಹಿಡಿದ ಮೀನನ್ನು ಆ ಮನೆಯವರು ತಿನ್ನುತ್ತಿದ್ದರು, ಅದರಲ್ಲಿ ನನಗೂ ಒಂದು ತೃಪ್ತಿಯಿತ್ತು. ಹಿಡಿಯುವುದಕ್ಕೆ ಸಹಾಯ ಮಾಡಿ ತಿನ್ನದೇ ಇದ್ದರೆ ಅದೆಂಥ ಭಕ್ತಿ ಅಂತ ಗೆಳೆಯ ಕಾಡಿಸುತ್ತಿದ್ದ. ನಾನು ಇನ್ನೊಂದು ಲೋಟ ಮಜ್ಜಿಗೆ ಕೇಳುತ್ತಿದ್ದೆ.

ನಮ್ಮ ದೊಡ್ಡ ತಲೆನೋವು ಅಂದರೆ ಕೀಲನ್ನು ಎಲ್ಲಿ ಹಾಕಬೇಕು ಅನ್ನುವುದು. ಸರಿಯಾಗಿ ನಡುವೆ ಕೊಯ್ದರೆ ಮೀನು ಮಡಚಿಕೊಳ್ಳುತ್ತಿತ್ತು; ತೀರಾ ಹಿಂದಕ್ಕೆ ಕೊಯ್ದರೆ ಬಾಲ ಸುಮ್ಮನೆ ಜೋತುಬೀಳುತ್ತಿತ್ತು. ತಿಂಗಳುಗಟ್ಟಲೆ ಒದ್ದಾಡಿದೆವು. ಕೊನೆಗೆ ನಾನು, ಮೊಳೆ ತೂಗುವ ಮನೆಯಲ್ಲಿ ಹುಟ್ಟಿದವನು, ನನ್ನ ಬುದ್ಧಿಗೆ ತಕ್ಕಂಥ ಉಪಾಯ ಮಾಡಿದೆ. ದೇವರು ಮಾಡಿದ ಮೀನನ್ನೇ ತೂಗಿ ನೋಡೋಣ ಅಂದೆ. ತಲೆಯ ಕಡೆ ಎಷ್ಟು ಭಾರ, ಬಾಲದ ಕಡೆ ಎಷ್ಟು ಭಾರ ಅಂತ ಗೊತ್ತಾದರೆ ನಮ್ಮ ಮರದ್ದನ್ನೂ ಅದೇ ಲೆಕ್ಕಕ್ಕೆ ತರಬಹುದು. ಅಪ್ಪ ಸಾಮಾನು ತರಲು ಬಳ್ಳಾರಿಗೆ ಹೋಗಿದ್ದ ದಿನ, ಮಧ್ಯಾಹ್ನ ಶಟರ್ ಅರ್ಧ ಇಳಿಸಿ, ಗೆಳೆಯ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಂದು ಕೊರವ ಮೀನನ್ನು ಎರಡು ತುಂಡು ಮಾಡಿಸಿ, ವಿಭೂತಿ ಹಚ್ಚಿದ ಅಪ್ಪನ ತಕ್ಕಡಿಯಲ್ಲಿ ಇಟ್ಟೆ.

ಆಗ ಏನೂ ಅನ್ನಿಸಲಿಲ್ಲ. ತೂಕದ ಗುಂಗಿನಲ್ಲಿದ್ದೆ. ತಲೆಯ ಕಡೆ ಎರಡು ಪಾಲು, ಬಾಲದ ಕಡೆ ಒಂದು ಪಾಲು ಅಂತ ಗೆಳೆಯ ಲೇತ್ ಅಂಗಡಿಗೆ ಹೋಗಿ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದುಕೊಂಡ. ನಾನು ತಟ್ಟೆಯನ್ನು ಸೋಪು ಹಾಕಿ ಎರಡು ಸಲ ತೊಳೆದು, ಒರೆಸಿ, ಮೂಸಿ ನೋಡಿ, ಊದಿನಕಡ್ಡಿ ಹಚ್ಚಿಟ್ಟೆ.

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ತಕ್ಕಡಿಯ ತಟ್ಟೆ ಮುಟ್ಟಿದ. ಬೆರಳು ಅಂಚಿನ ಮಡಿಕೆಯಲ್ಲಿ ಏನನ್ನೋ ತಡವಿತು. ಬಿಡಿಸಿ ಬೆಳಕಿಗೆ ಹಿಡಿದ. ಒಂದೇ ಒಂದು ಹುರುಪೆ, ಉಗುರಿನಷ್ಟು. ಅದನ್ನು ಒಂದು ಬಿಲ್ಲಿನ ಕಾಗದದ ಮೇಲಿಟ್ಟು ಮಡಚಿದ. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಮೊಳೆ ಎಷ್ಟು ಕೆಜಿ ಅಂತ ಕೇಳುವ ದನಿಯಲ್ಲೇ ಕೇಳಿದ.

"ಮೀನ ತಿಂದೀಯೇನು?"

ಇಲ್ಲ ಅನ್ನಬಹುದಿತ್ತು. ಎಷ್ಟು ಸುಲಭದ ಮಾತು. ತೂಗಿದೆ, ತಪ್ಪಾಯಿತು, ತಿಂದಿಲ್ಲ ಅಂದಿದ್ದರೆ ನಾಲ್ಕು ಬೈದು ಮುಗಿಸುತ್ತಿದ್ದ. ಆದರೆ ನನಗೆ ತಲೆಗೇರಿತು. ಹುಟ್ಟಿದಾಗಿನಿಂದ ಪಕ್ಕದಲ್ಲಿ ಕುಳಿತು ಉಂಡ ಮಗನನ್ನು ಒಂದು ಹುರುಪೆ ನೋಡಿ ಹೀಗೆ ಕೇಳುವುದೇ? ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ಲವೇ? ತಕ್ಕಡಿ ಮೈಲಿಗೆ ಮಾಡಿದವನು ನಾನೇ, ಅವಮಾನವಾದದ್ದೂ ನನಗೇ. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ. ಸಂಜೆಯವರೆಗೆ ಲೇತ್ ಅಂಗಡಿಯಲ್ಲೇ ಕುಳಿತಿದ್ದೆ. ತಿರುಗಿ ಬಂದಾಗ ಅವ್ವ ಹುಣಸೆಹಣ್ಣು, ಬೂದಿ ಹಾಕಿ ತಟ್ಟೆ ತಿಕ್ಕುತ್ತಿದ್ದಳು.

ಅವತ್ತಿನಿಂದ ಅಪ್ಪ ನನ್ನ ಜೊತೆ ಮಾತು ಬಿಟ್ಟ. ನಾನೂ ಬಿಟ್ಟೆ. ಅಂಗಡಿಯ ಮಾತೆಲ್ಲ ಅವ್ವನ ಮೂಲಕ, ಇಲ್ಲವೆಂದರೆ ಗಿರಾಕಿಯ ಮೂಲಕ. "ಅರ್ಧ ಇಂಚಿನ ಬೋಲ್ಟು ಎಲ್ಲೈತಿ ಅಂತ ಕೇಳ್ರಿ ಅವಗ" ಅಂತ ಗಿರಾಕಿಗೆ ಹೇಳುತ್ತಿದ್ದ, ನಾನು ಮೂರು ಮೊಳ ದೂರದಲ್ಲಿ ಕುಳಿತಿರುತ್ತಿದ್ದೆ. ಬಂದವರಿಗೆ ನಗು ತಡೆಯಲಾಗುತ್ತಿರಲಿಲ್ಲ.

ಎಲ್ಲಕ್ಕಿಂತ ಚುಚ್ಚಿದ್ದು ಊಟ. ನಮ್ಮ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಶಟರ್ ಎಳೆದು ಅಪ್ಪ, ನಾನು ಜೊತೆಗೇ ಕೂರುವುದು ಪದ್ಧತಿ. ತುಪ್ಪದ ಗಿಂಡಿ ಇಬ್ಬರ ನಡುವೆ. ಅದು ನಿಂತಿತು. ಅಪ್ಪ ಕೈತೊಳೆದು ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ನಿಲ್ಲುತ್ತಿದ್ದ, ಒದ್ದೆ ಕೈ ಹಾಗೇ ಹಿಡಿದುಕೊಂಡು. ನಾನು ಒಳಗೆ ಪೇಪರ್ ಓದುತ್ತ ಕುಳಿತಿರುತ್ತಿದ್ದೆ. ಒಂದು ಗಳಿಗೆ ನನ್ನನ್ನೇ ನೋಡುತ್ತಿದ್ದ. ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋಗುತ್ತಿದ್ದ. ನಾನಿರುವ ಕಡೆ ಕೂರಲು ಹೇಸಿಕೆಯಾಗಿದೆ ಅಂತ ನನಗೆ ತೋರಿಸುತ್ತಿದ್ದಾನೆ ಅಂದುಕೊಂಡು ನಾನು ಪೇಪರನ್ನು ಇನ್ನಷ್ಟು ಮೇಲೆತ್ತುತ್ತಿದ್ದೆ. ದಿನಾ ಇದೇ. ಒಂದು ದಿನವೂ ಆ ನಿಲ್ಲುವುದು ತಪ್ಪಲಿಲ್ಲ.

ಅವ್ವ ಸಾಕಾಗಿ ಒಂದು ದಿನ ನನ್ನನ್ನು ಹಿತ್ತಿಲಿಗೆ ಕರೆದಳು. ನೀನು ತಿಂದಿಲ್ಲ ಅಂತ ನನಗೆ ಗೊತ್ತು, ನಿನ್ನ ಬಟ್ಟೆ ಒಗೆಯುವವಳು ನಾನು, ಆದರೂ ಬಾಯಿ ಬಿಟ್ಟು ಅವರಿಗೆ ಒಂದು ಮಾತು ಹೇಳು ಅಂದಳು. ಬೇಕಾದವರು ಬಂದು ಕೇಳಲಿ ಅಂದೆ.

"ಅವರು ಕೇಳ್ಯಾರಲ್ಲೋ," ಅಂದಳು ಅವ್ವ. "ನೀನ ಹೇಳಿಲ್ಲ."

ನಾನು ಅವ್ವನ ಮೇಲೇ ರೇಗಿದೆ. ಆಕೆ ಕಣ್ಣೊರೆಸಿಕೊಂಡು ಒಳಗೆ ಹೋದಳು. ಅದಕ್ಕೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಕೀಲು ಮೀನಿನ ಕೆಲಸ ಮಾತ್ರ ನಿಲ್ಲಲಿಲ್ಲ, ಹಟಕ್ಕೆ ಬಿದ್ದು ಇನ್ನೂ ಜೋರಾಯಿತು. ಎರಡು ಪಾಲು, ಒಂದು ಪಾಲಿನ ಲೆಕ್ಕ ಫಲ ಕೊಟ್ಟಿತ್ತು. ಕೀಲು ಈಗ ಸರಿಯಾದ ಜಾಗಕ್ಕೆ ಬಂದಿತ್ತು, ಬಾಲ ಆಡುತ್ತಿತ್ತು. ಆದರೆ ಹೊಸ ಕಾಟ ಶುರುವಾಯಿತು. ನಾಲ್ಕು ಮೊಳ ಚೆಂದ ಬಂದ ಮೀನು ಇದ್ದಕ್ಕಿದ್ದಂತೆ ಪಕ್ಕಕ್ಕೆ ವಾಲಿ ಹೊಟ್ಟೆ ಮೇಲೆ ಮಾಡಿ ಮಲಗಿಬಿಡುತ್ತಿತ್ತು. ಸತ್ತ ಮೀನು ಯಾರಿಗೆ ಬೇಕು? ಸೀಸ ಹೆಚ್ಚು ಮಾಡಿದೆವು, ಕಮ್ಮಿ ಮಾಡಿದೆವು, ನಾಲಿಗೆ ಬಗ್ಗಿಸಿದೆವು. ಏನು ಮಾಡಿದರೂ ಮಲಗುವುದು ತಪ್ಪಲಿಲ್ಲ.

ಒಂದು ಸಂಜೆ ಕಾಲುವೆಯಿಂದ ಬಂದವನು, ಎಲ್ಲರ ಮೇಲಿನ ಸಿಟ್ಟೂ ಸೇರಿ, ಆ ಮೀನನ್ನು ತಂದು ಅಪ್ಪನ ತಕ್ಕಡಿಯ ತಟ್ಟೆಯಲ್ಲಿ ಇಟ್ಟೆ. ಇಟ್ಟೆ ಅಂದರೆ ಸುಳ್ಳು, ಎಸೆದೆ. ನೋಡು, ಇದಕ್ಕೇ ನಾನು ತೂಗಿದ್ದು, ಏನು ಮಾಡುತ್ತೀಯೋ ಮಾಡು ಅನ್ನುವ ಹಾಗೆ. ಅಪ್ಪ ಎದುರಿಗೇ ಇದ್ದ. ಪೆನ್ಸಿಲ್ಲನ್ನು ಕಿವಿಯ ಹಿಂದೆ ಸಿಕ್ಕಿಸಿ ಲೆಕ್ಕದ ಪುಸ್ತಕ ಮುಚ್ಚಿದ.

ಬೆಳಿಗ್ಗೆ ನೋಡಿದರೆ ಮೀನು ತಟ್ಟೆಯಲ್ಲಿರಲಿಲ್ಲ. ತಕ್ಕಡಿಯ ಒಂದು ತಟ್ಟೆ ಬಿಚ್ಚಿ, ಅದರ ಕೊಕ್ಕೆಗೆ ದಾರ ಕಟ್ಟಿ ಮೀನನ್ನು ತೂಗುಬಿಟ್ಟಿತ್ತು. ದಾರ ಅದರ ಬೆನ್ನಿನ ನಡುವೆ ಎಲ್ಲೋ ಒಂದು ಕಡೆ ಬಿಗಿದಿತ್ತು; ಮೀನು ತಲೆಯನ್ನು ಒಂದು ಚೂರು ಕೆಳಗೆ ಹಾಕಿ, ನೆಟ್ಟಗೆ, ನೀರಲ್ಲಿ ನಿಂತಂತೆ ನಿಂತಿತ್ತು. ಹೊಟ್ಟೆಯ ಅಡಿಯಲ್ಲಿ, ನಾವು ಸೀಸ ತುಂಬಿದ್ದ ಜಾಗಕ್ಕಿಂತ ಎರಡು ಬೆರಳು ಮುಂದೆ, ಪೆನ್ಸಿಲ್ಲಿನ ಒಂದು ಚುಕ್ಕೆ. ಅಪ್ಪನ ಕಿವಿಯ ಹಿಂದೆ ಯಾವಾಗಲೂ ಇರುತ್ತಿದ್ದ ಅದೇ ಪೆನ್ಸಿಲ್ಲು.

ಅವಮಾನವಾಯಿತು ಅನ್ನಲೋ, ಖುಷಿಯಾಯಿತು ಅನ್ನಲೋ. ಮೊದಲು ಚುಕ್ಕೆ ಅಳಿಸಿಬಿಡಬೇಕು ಅನ್ನಿಸಿತು. ಗೆಳೆಯ ಕಿತ್ತುಕೊಂಡು, ಸಾವ್ಕಾರ್ರು ಹೇಳಿದರೆ ಸುಮ್ಮನೆ ಹೇಳಿರುವುದಿಲ್ಲ ಅಂತ ಅದೇ ಚುಕ್ಕೆಗೆ ರಂಧ್ರ ಕೊರೆದು ಸೀಸವನ್ನು ಅಲ್ಲಿಗೆ ವರ್ಗಾಯಿಸಿದ. ಸಂಜೆ ಕಾಲುವೆಗೆ ಬಿಟ್ಟೆವು. ಈ ದಡದಿಂದ ಎಳೆದರೆ ಕೊನೆಯವರೆಗೂ ಬೆನ್ನು ಮೇಲೆ, ಹೊಟ್ಟೆ ಕೆಳಗೆ, ಬಾಲ ಬೀಸುತ್ತ ಬಂತು. ಗೆಳೆಯ ಮೊಣಕಾಲು ನೀರಲ್ಲಿ ನಿಂತು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಅದೊಂದು ಸಂಪ್ರದಾಯವೇ ಆಯಿತು. ಹೊಸ ಮೀನು ಮಾಡಿದಾಗೆಲ್ಲ ಬಣ್ಣ ಹಚ್ಚುವ ಮೊದಲು ತಟ್ಟೆಯಲ್ಲಿ ಇಟ್ಟು ಹೋಗುತ್ತಿದ್ದೆ, ಎಸೆಯುವುದನ್ನು ಬಿಟ್ಟಿದ್ದೆ. ಮರುದಿನ ಚುಕ್ಕೆ ಬಿದ್ದಿರುತ್ತಿತ್ತು. ಒಮ್ಮೊಮ್ಮೆ ಚುಕ್ಕೆಯ ಪಕ್ಕ ಒಂದು ಸಣ್ಣ ಗೆರೆ, ಅಂದರೆ ಇಲ್ಲಿ ಮರ ಕೆತ್ತು ಅಂತ. ಒಂದು ಸಲ ಏನೂ ಗುರುತಿರಲಿಲ್ಲ, ಮೀನಿನ ಮೇಲೆ ಒಂದು ಕಲ್ಲುಸಕ್ಕರೆ ತುಂಡು ಇತ್ತು. ಅದು ತಪ್ಪಿಲ್ಲದ ಮೀನು. ಆ ಕಲ್ಲುಸಕ್ಕರೆಯನ್ನು ಇಡೀ ದಿನ ಕಿಸೆಯಲ್ಲಿ ಇಟ್ಟುಕೊಂಡು ತಿರುಗಿದೆ, ಬಾಯಿಗೆ ಹಾಕಿಕೊಳ್ಳಲು ಮನಸ್ಸು ಬರಲಿಲ್ಲ. ಇಷ್ಟಾದರೂ ಒಂದು ಮಾತಿಲ್ಲ. ಮಧ್ಯಾಹ್ನ ಎರಡಕ್ಕೆ ಹೊಸ್ತಿಲಲ್ಲಿ ಒದ್ದೆ ಕೈ, ನನ್ನ ಪೇಪರು, ಪಡಸಾಲೆಗೆ ಹೋಗುವ ತಟ್ಟೆ.

ಹೀಗೆ ಒಂದು ಬೇಸಿಗೆ, ಒಂದು ಮಳೆಗಾಲ ಕಳೆಯಿತು. ಕಾಲುವೆಗೆ ಹೊಸ ನೀರು ಬಿಟ್ಟು ತಿಳಿಯಾದ ಒಂದು ಭಾನುವಾರ ಬೆಳಿಗ್ಗೆ ನಾನು ಹೊರಟು ನಿಂತಿದ್ದಾಗ, ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದ. ಇವತ್ತು ಅವರೂ ಬರುತ್ತಾರಂತೆ ಅಂದಳು ಅವ್ವ, ತಾನೂ ನಂಬದವಳಂತೆ.

ಬಸವಣ್ಣ ಕಾಲುವೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಬಂಡೆಯ ಮೇಲೆ ಅಪ್ಪ ಧೋತರ ಎತ್ತಿಕೊಂಡು ಕುಳಿತ. ಆಚೆ ದಂಡೆಗೆ ಬಾಳೆತೋಟ. ಲಾರಿಗಳ ಸದ್ದು ಅಲ್ಲಿಗೂ ಕೇಳುತ್ತಿತ್ತು. ಕಲ್ಲುಸಕ್ಕರೆಯ ಮೀನನ್ನೇ ಗೆಳೆಯ ದಾರಕ್ಕೆ ಕಟ್ಟಿದ. ಅಪ್ಪ ಅದರ ಹೊಟ್ಟೆಯ ಕೆಳಗೆ ಜೋತಾಡುತ್ತಿದ್ದ ಮುಳ್ಳುಗಳನ್ನು ನೋಡಿದ.

"ಆ ಗಾಳ ಬಿಚ್ಚಪ," ಅಂದ ಗೆಳೆಯನಿಗೆ. "ಬರೇ ಮೀನ ಬಿಡು. ಆಡೋದು ನೋಡಾನು."

ಗಾಳ ಬಿಚ್ಚಿದೆವು. ಗೆಳೆಯ ಎಸೆದು ದಾರವನ್ನು ನನ್ನ ಕೈಗೆ ಕೊಟ್ಟ. ನಾನು ಮೆಲ್ಲಗೆ ಎಳೆಯತೊಡಗಿದೆ. ತಿಳಿನೀರಿನಲ್ಲಿ ಮೀನು ತಲೆ ಹೊರಳಿಸುತ್ತ, ಬಾಲ ಬೀಸುತ್ತ ಬಂತು. ಬಂಡೆಯ ಹತ್ತಿರ ಜೊಂಡಿನ ನೆರಳಿಂದ ತೋಳುದ್ದದ ಒಂದು ಕೊರವ ನುಗ್ಗಿ ಬಂದು ಅದನ್ನು ಕಚ್ಚಿತು. ದಾರ ಬಿಗಿಯಿತು, ನನ್ನ ಕೈ ಜಗ್ಗಿತು, ನೀರು ಅಪ್ಪನ ಮುಖಕ್ಕೆ ಸಿಡಿಯಿತು. ಮರುಗಳಿಗೆ ಮರ ಅಂತ ತಿಳಿದು ಉಗುಳಿ ಹೋಯಿತು. ಅಪ್ಪ ಬಂಡೆಯ ಮೇಲೆ ಎದ್ದು ನಿಂತಿದ್ದ. ಹಣೆಯ ವಿಭೂತಿ ನೀರಿಗೆ ಕರಗಿ ಇಳಿಯುತ್ತಿತ್ತು, ಅವನು ನಗುತ್ತಿದ್ದ. ಅಪ್ಪ ಬಾಯಿ ತೆರೆದು ನಗುವುದನ್ನು ನಾನು ಅದಕ್ಕೂ ಮೊದಲು ನೋಡಿದ ನೆನಪಿಲ್ಲ.

"ಹೆಂಗ ಮೋಸ ಹೋತು ನೋಡ್ಲೇ ಅದು," ಅಂದ. ನನಗೇ ಅಂದ. ಒಂಬತ್ತು ತಿಂಗಳಾದ ಮೇಲೆ ನನಗೆ ಆಡಿದ ಮೊದಲ ಮಾತು.

ನಾಲಿಗೆಯ ತುದಿಗೆ ಬಂದಿತ್ತು ನನಗೆ. ಅಪ್ಪಾ, ನಾನು ತಿಂದಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಮಾತು ಶುರುವಾಯಿತಲ್ಲ, ಇನ್ನು ಅವನೇ ಕೇಳಲಿ, ಕೇಳಿದರೆ ಹೇಳುತ್ತೇನೆ ಅಂತ ಒಳಗಿನ ಶನಿ ಹಿಡಿದು ನಿಲ್ಲಿಸಿತು. ಹೌದಪ್ಪ, ಮೋಸ ಹೋಯಿತು ಅಂದು ದಾರ ಸುತ್ತಿಕೊಂಡೆ.

ಅಲ್ಲಿಂದ ಮುಂದೆ ನಾವು ಮಾತಾಡಿದೆವು. ಬೋಲ್ಟಿನ ಬಗ್ಗೆ, ಡ್ಯಾಮಿನ ನೀರಿನ ಬಗ್ಗೆ, ಮೀನಿನ ಹೊಟ್ಟೆಯ ಸೀಸದ ಬಗ್ಗೆ. ಮೂರು ತುಂಡಿನ ಮೀನು ಮಾಡಿದಾಗ ಅಪ್ಪ ಎರಡು ದಿನ ಅಂಗಡಿ ಮರೆತು ಅದರ ತೂಕ ನೋಡಿದ. ನನ್ನ ಮದುವೆಯಾಯಿತು, ಅದನ್ನೂ ಅವನೇ ಮುಂದೆ ನಿಂತು ಮಾಡಿದ. ಊಟ ಮಾತ್ರ ಬೇರೆಯೇ ಉಳಿಯಿತು. ಮಧ್ಯಾಹ್ನ ಹೊಸ್ತಿಲಲ್ಲಿ ಅದೇ ಒಂದು ಗಳಿಗೆ ನಿಲ್ಲುವುದು, ಅದೇ ನೋಟ, ಆಮೇಲೆ ಪಡಸಾಲೆ. ಎಲ್ಲದಕ್ಕೂ ಮಗ ಬೇಕು, ಪಂಕ್ತಿಗೆ ಮಾತ್ರ ಬೇಡ ಅಂತ ನನ್ನ ಸಿಟ್ಟು ಇನ್ನೂ ಆಳಕ್ಕೆ ಇಳಿಯಿತು. ನನ್ನ ಹೆಂಡತಿ ಬಂದ ಹೊಸದರಲ್ಲಿ ಇದೇನು ನಿಮ್ಮ ಮನೆಯ ಪದ್ಧತಿ ಅಂತ ಕೇಳಿದ್ದಳು. ಹೌದು, ಪದ್ಧತಿ ಅಂದಿದ್ದೆ.

ಮುಂದೆ ಗಣಿ ನಿಂತಿತು. ಸಾಲು ಲಾರಿಗಳು ಕರಗಿದವು, ಅವ್ವ ಮತ್ತೆ ಬಿಳಿ ಬಟ್ಟೆ ಒಣಹಾಕತೊಡಗಿದಳು. ಕೆಲಸ ಕಮ್ಮಿಯಾಗಿ ಲೇತ್ ಅಂಗಡಿ ಮುಚ್ಚಿತು, ಗೆಳೆಯ ಕಂಪ್ಲಿಯಲ್ಲೇ ಒಂದು ವೆಲ್ಡಿಂಗ್ ಅಂಗಡಿ ಹಾಕಿದ. ಅದಾದ ಮರುವರ್ಷ ಒಂದು ಬೆಳಿಗ್ಗೆ ಅಪ್ಪ ತಕ್ಕಡಿಗೆ ವಿಭೂತಿ ಹಚ್ಚಿ, ತಟ್ಟೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಹಾಗೇ ಗೋಡೆಗೆ ಒರಗಿದ. ನಾನು ನೀರು ತರುವಷ್ಟರಲ್ಲಿ ಹೋಗಿಬಿಟ್ಟಿದ್ದ.

ಕಾರ್ಯಗಳೆಲ್ಲ ಮುಗಿದ ಮೇಲೆ ಕಂಪ್ಲಿಗೆ ಹೋದೆ. ಮೊಣಕಾಲು ನೋವಿನಿಂದ ಗೆಳೆಯನ ತಾಯಿಗೆ ಮಣ್ಣಿಗೆ ಬರಲಾಗಿರಲಿಲ್ಲ. ಕಟ್ಟೆಯ ಮೇಲೆ ಕುಳಿತಿದ್ದೆ. ಆಕೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಅದೇ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ಟಳು.

"ಇದರಾಗ ನಿಮ್ಮಪ್ಪಾರೂ ಕುಡದಾರ ನೋಡಪ," ಅಂದಳು.

ಯಾವಾಗ ಅಂದೆ. ಆಕೆ ನಿಧಾನಕ್ಕೆ ಹೇಳಿದಳು. ಹುರುಪೆ ಸಿಕ್ಕ ವಾರವೇ. ಅಕ್ಕಿ ಗಿರಣಿಯಲ್ಲಿ ಕೆಲಸವಿದೆ ಅಂತ ಅವ್ವನಿಗೆ ಹೇಳಿ ಹೊರಟ ಅಪ್ಪ ಕಂಪ್ಲಿ ಬಸ್ಸು ಹತ್ತಿದ್ದ. ಮನೆ ಕೇಳಿಕೊಂಡು ಬಂದು ಇದೇ ಕಟ್ಟೆಯ ಮೇಲೆ ಕುಳಿತು, ನನ್ನ ಮಗ ನಿಮ್ಮಲ್ಲಿ ಊಟ ಮಾಡುತ್ತಾನೇನು ಅಂತ ಕೇಳಿದ್ದ. ನಿಮ್ಮ ಮಗ ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟಿಲ್ಲ ಸಾವ್ಕಾರ್ರೇ, ನಾನು ಮೀನು ಕೊಯ್ಯುವಾಗ ಮುಖ ಆ ಕಡೆ ಮಾಡಿಕೊಂಡಿರುತ್ತಾನೆ ಅಂತ ಈಕೆ ಅಂದಿದ್ದಳು. ತಕ್ಕಡಿಯಲ್ಲಿ ಮೀನು ತೂಗಿದ ಕಥೆಯನ್ನು ಗೆಳೆಯ ತಲೆ ತಗ್ಗಿಸಿಕೊಂಡು ಹೇಳಿದ್ದ. ಅಪ್ಪ ಅದಕ್ಕೆ ನಕ್ಕನಂತೆ. ಮಜ್ಜಿಗೆ ಕೊಡಲು ಹೋದಾಗ, ನನ್ನ ಮಗನ ಲೋಟದಲ್ಲೇ ಕೊಡಿ ಅಂದನಂತೆ. ಅಪ್ಪ ತನ್ನ ಜನ್ಮದಲ್ಲಿ ಹಾಗೆ ಬೇರೆಯವರ ಮನೆಯಲ್ಲಿ ಕೈಯೊಡ್ಡಿದ್ದನ್ನು ನಾನು ಕಂಡಿಲ್ಲ.

"ಏಳುವಾಗ ಒಂದ ಮಾತು ಹೇಳಿದ್ರಪ," ಅಂದಳು ಆಕೆ. "'ನಾ ಬಂದಿದ್ದು ಅವಗ ಹೇಳಬ್ಯಾಡ್ರಿ. ನಾ ಕೇಳೀನಿ, ಅವ ಹೇಳ್ಲಿ. ಇವತ್ತಲ್ಲ ನಾಳಿ ಹೇಳ್ತಾನ.'"

ಲೋಟ ಕೆಳಗಿಟ್ಟೆ. ಗೆಳೆಯ ಬಾಗಿಲಲ್ಲಿ ನಿಂತಿದ್ದ, ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವನು. ಅವನ ಮೇಲೆ ಕೂಗಾಡಬೇಕು ಅಂತ ಎದ್ದವನು ಮತ್ತೆ ಕಟ್ಟೆಯ ಮೇಲೇ ಕುಳಿತೆ. ಒಂದು ವಾರದಲ್ಲೇ ಗೊತ್ತಾಗಿತ್ತು ಅಪ್ಪನಿಗೆ. ಹಾಗಾದರೆ ಆ ಹೊಸ್ತಿಲು? ದಿನಾ ಎರಡು ಗಂಟೆಗೆ, ಒದ್ದೆ ಕೈ ಹಿಡಿದುಕೊಂಡು ನಿಲ್ಲುತ್ತಿದ್ದದ್ದು ಹೇಸಿಕೆಯಿಂದಲ್ಲ. ಮಗ ಹೇಳುತ್ತಾನೇನೋ ಅಂತ ನಿಲ್ಲುತ್ತಿದ್ದ. ನಾನು ಪೇಪರ್ ಮೇಲೆತ್ತುತ್ತಿದ್ದೆ. ಬಸ್ಸಿನಲ್ಲಿ ಹೊಸಪೇಟೆಯವರೆಗೂ ಕಿಟಕಿಗೆ ಮುಖ ಹಚ್ಚಿಕೊಂಡು ಅತ್ತೆ, ನನ್ನ ಪಕ್ಕದವನು ಸೀಟು ಬದಲಾಯಿಸಿಕೊಂಡ.

ಈಗ ತಕ್ಕಡಿಯ ಹಿಂದೆ ನಾನು ಕೂರುತ್ತೇನೆ. ಕಲ್ಲುಸಕ್ಕರೆಯ ಮೀನು ಕಪಾಟಿನಲ್ಲಿದೆ, ಗಾಳವಿಲ್ಲದೆ. ಮೊನ್ನೆ ಒಬ್ಬ ಲಾರಿ ಡ್ರೈವರ್ ಬಂದ, ಸಂಡೂರಿನವನಂತೆ. ನಾನು ಬೋಲ್ಟು ತೂಗುತ್ತಿದ್ದಾಗ ಗಾಜಿನೊಳಗೆ ಬಗ್ಗಿ ನೋಡಿ, ನನ್ನ ಹಣೆಯ ವಿಭೂತಿಯನ್ನೂ ನೋಡಿ, ತಮಾಷೆಗೆ ಕೇಳಿದ.

"ಏನ್ರೀ ಸಾವ್ಕಾರ್ರ, ನೀವೂ ಮೀನ ತಿಂತೀರೇನು?"

"ಇಲ್ರೀ," ಅಂದೆ. "ಒಂದಿನಾನೂ ತಿಂದಿಲ್ಲ."

ಎಷ್ಟು ಬೇಗ ಬಂತು ಮಾತು. ಯಾರೋ ಊರಿಗೆ ಸಂಬಂಧವಿಲ್ಲದವನಿಗೆ. ಅವನು ಅಷ್ಟರಲ್ಲಿ ಫೋನು ಬಂದು ಹೊರಗೆ ಹೋಗಿದ್ದ, ಕೇಳಿಸಿಕೊಂಡನೋ ಇಲ್ಲವೋ. ತಕ್ಕಡಿ ನನ್ನ ಮುಂದೆ ತೂಗಾಡುತ್ತಿತ್ತು, ಅದು ನಿಲ್ಲುವವರೆಗೆ ಹಾಗೇ ಕುಳಿತಿದ್ದೆ.

ಎರಡು ಗಂಟೆಗೆ ಶಟರ್ ಎಳೆದು ಒಳಗೆ ಹೋದೆ. ಕೈ ತೊಳೆದೆ. ಅಡುಗೆಮನೆಯ ಹೊಸ್ತಿಲಿಗೆ ಬಂದವನಿಗೆ ಮುಂದೆ ಹೆಜ್ಜೆ ಏಳಲಿಲ್ಲ, ಒದ್ದೆ ಕೈ ಹಿಡಿದುಕೊಂಡು ನಿಂತೆ. ಅವ್ವ ತುಪ್ಪದ ಗಿಂಡಿ ಇಡುತ್ತ ತಲೆ ಎತ್ತಿದಳು. ನನ್ನ ಒದ್ದೆ ಕೈ ನೋಡಿದಳು.

"ನಿಲ್ಲಬ್ಯಾಡ ಬಾ," ಅಂದಳು. "ಕುಂದ್ರು. ಅನ್ನ ಆರತೈತಿ."